ವೋಟು ಒಡೆದವನು ಯಾರು?

ನಮ್ಮ ಸೋದರಮಾವ ಇರೋದು ಅಮೆರಿಕಾದ ಮಿಶಿಗನ್ ರಾಜ್ಯದಲ್ಲಿ. ಹೋಗಿ ಇಪ್ಪತ್ತೈದು ವರ್ಷಕ್ಕೂ ಮೇಲಾಯ್ತು, ಅಲ್ಲಿಯ ಪೌರತ್ವವೂ ಸಿಕ್ಕಿದೆ. 2016ರಲ್ಲಿ ಟ್ರಂಪೂ ಬೇಡ, ಹಿಲರಿಯೂ ಬೇಡ ಅಂತ ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ ವೋಟು ಹಾಕಿ ಬಂದರಂತೆ. ಆ ರಾಜ್ಯದಲ್ಲಿ ಟ್ರಂಪ್ ಗೆದ್ದದ್ದು 10,704 ಮತಗಳ ಅಂತರದಿಂದ. ಸ್ಟೈನ್‌ಗೆ ಬಿದ್ದದ್ದು 51 ಸಾವಿರ ಚಿಲ್ಲರೆ. ಅವತ್ತಿನಿಂದ ಆ ಮನೆಯಲ್ಲಿ ಪೆಟ್ರೋಲ್ ದರ ಏರಿದರೂ "ಎಲ್ಲಾ ನಿಮ್ಮಿಂದಲೇ ಆಗಿದ್ದು" ಅಂತ ಅತ್ತೆ ಹಂಗಿಸೋದು ನಡೆದೇ ಇದೆ :-)

ಅತ್ತೆ ಅನ್ನೋದು ತಮಾಷೆಗೆ. ಆದರೆ ಇದೇ ಮಾತನ್ನ ದೊಡ್ಡ ದೊಡ್ಡ ಪತ್ರಿಕೆಗಳವರು, ಪಕ್ಷದ ವಕ್ತಾರರು ಗಂಭೀರವಾಗಿ ಹೇಳ್ತಾರಲ್ಲ, ಅದು ನನಗೆ ಸಹಿಸೋಕಾಗಲ್ಲ. ಮೂರನೆಯವನು ನಿಂತರೆ ಅವನು ವೋಟು ಒಡೆಯುವವನು, ಅವನಿಗೆ ಹಾಕಿದವನು ದಡ್ಡ. ನಮ್ಮೂರ ಪಂಚಾಯ್ತಿ ಕಟ್ಟೆಯಿಂದ ವಾಷಿಂಗ್ಟನ್‌ವರೆಗೂ ಇದೊಂದೇ ರಾಗ. ನನ್ನ ಪ್ರಕಾರ ತಪ್ಪು ನಿಂತವನದ್ದೂ ಅಲ್ಲ, ಹಾಕಿದವನದ್ದೂ ಅಲ್ಲ, ಎಣಿಸುವ ರೀತಿಯದ್ದು. ಪ್ರೋಗ್ರಾಮಿನಲ್ಲಿ ಬಗ್ ಇಟ್ಟುಕೊಂಡು, ಬಳಸೋರಿಗೆ ಬುದ್ಧಿಯಿಲ್ಲ ಅಂತ ಬೈದ ಹಾಗೆ.

ಈ ಬೈಗುಳದ ಮೂಲಪುರುಷ ರಾಲ್ಫ್ ನೇಡರ್. ಕಾರು ಕಂಪನಿಗಳು ಸುರಕ್ಷತೆಯನ್ನ ಕಡೆಗಣಿಸಿವೆ ಅಂತ 1965ರಲ್ಲಿ ಪುಸ್ತಕ ಬರೆದು ಅವುಗಳ ಬೆವರಿಳಿಸಿದ ಮನುಷ್ಯ. 2000ದಲ್ಲಿ ಗ್ರೀನ್ ಪಕ್ಷದಿಂದ ಅಧ್ಯಕ್ಷ ಚುನಾವಣೆಗೆ ನಿಂತರು. ಫ್ಲಾರಿಡಾದಲ್ಲಿ ಬುಷ್ ಗೆದ್ದದ್ದು 537 ಮತಗಳಿಂದ, ನೇಡರ್‌ಗೆ ಬಿದ್ದದ್ದು 97,488. ಅಲ್ ಗೋರ್ ಇಡೀ ದೇಶದಲ್ಲಿ ಬುಷ್‌ಗಿಂತ ಐದು ಲಕ್ಷಕ್ಕೂ ಹೆಚ್ಚು ಮತ ಪಡೆದೂ ಸೋತರು. ಇರಾಕ್ ಯುದ್ಧದ ಪಾಪವನ್ನೂ ನೇಡರ್ ತಲೆಗೇ ಕಟ್ಟಿದವರಿದ್ದಾರೆ.

ಆದರೆ ಫ್ಲಾರಿಡಾದ ಪಟ್ಟಿಯನ್ನ ಕೆಳಗಿನವರೆಗೂ ಓದಿದರೆ ಮಜಾ ಇದೆ. ಸೋಷಿಯಲಿಸ್ಟ್ ವರ್ಕರ್ಸ್ ಪಾರ್ಟಿ ಅಂತೊಂದು ಪುಟಾಣಿ ಪಕ್ಷ. ಅದರ ಅಭ್ಯರ್ಥಿಗೆ ಬಿದ್ದದ್ದು 562 ಮತ. ಅದೂ 537ಕ್ಕಿಂತ ಹೆಚ್ಚೇ! ಹಾಗಾದರೆ ಗೋರ್‌ನ ಸೋಲಿಸಿದ್ದು ಈತನೇ ಅನ್ನಬೇಕಾ? ಅಷ್ಟು ಸಣ್ಣ ಅಂತರದಲ್ಲಿ ಯಾರನ್ನ ಬೇಕಾದರೂ ಹಿಡಿದು ಕಟಕಟೆಗೆ ನಿಲ್ಲಿಸಬಹುದು. ಅರ್ಧ ಅಂಕ ಕಮ್ಮಿ ಬಂದು ಫೇಲಾದ ಹುಡುಗ ಎಲ್ಲಾ ಮೇಷ್ಟ್ರನ್ನೂ ಬೈದ ಹಾಗಾಯ್ತು. (ನೇಡರ್ ಮೇಲೆ ನನಗೇನು ವಿಶೇಷ ಭಕ್ತಿ ಇಲ್ಲ. ಎರಡೂ ಪಕ್ಷ ಒಂದೇ ಅನ್ನೋ ಅವರ ವಾದ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಆ ಮಾತು ಬೇರೆ.)

ಇನ್ನು ನನಗೆ ನಿಜಕ್ಕೂ ಕುತೂಹಲ ಹುಟ್ಟಿಸುವ ಮನುಷ್ಯ ರಾಸ್ ಪೆರೋ. ನಮ್ಮ ಜಾತಿಯವನೇ ಅನ್ನಿ, ಅಂದ್ರೆ ಕಂಪ್ಯೂಟರ್ ಜಾತಿ. 1962ರಲ್ಲಿ ಇಡಿಎಸ್ ಕಂಪನಿ ಕಟ್ಟಿದ ಟೆಕ್ಸಾಸ್‌ನವನು. (ಅದೇ ಇಡಿಎಸ್ 2006ರಲ್ಲಿ ನಮ್ಮ ಬೆಂಗಳೂರಿನ ಎಂಫಸಿಸ್‌ನ ಕೊಂಡುಕೊಂಡಿತು. ಅಷ್ಟರಲ್ಲಿ ಪೆರೋ ಅಲ್ಲಿಂದ ಹೊರಬಂದು ಇಪ್ಪತ್ತು ವರ್ಷ ಆಗಿತ್ತು.) 1992ರಲ್ಲಿ ಪಕ್ಷೇತರನಾಗಿ ನಿಂತ. ಸ್ವಂತ ದುಡ್ಡಿನಲ್ಲಿ ಟೀವಿ ಸಮಯ ಕೊಂಡು, ಚಾರ್ಟುಗಳನ್ನ ಹಿಡಿದು ಅರ್ಧರ್ಧ ಗಂಟೆ ಸರ್ಕಾರದ ಸಾಲದ ಬಗ್ಗೆ ಪಾಠ ಮಾಡಿದ. ಜನ ಕೂತು ನೋಡಿದರು ಕೂಡ! ಜೂನ್‌ನಲ್ಲಿ ಸಮೀಕ್ಷೆಗಳಲ್ಲಿ ಬುಷ್, ಕ್ಲಿಂಟನ್ ಇಬ್ಬರಿಗಿಂತಲೂ ಮುಂದಿದ್ದ. ಜುಲೈನಲ್ಲಿ ಇದ್ದಕ್ಕಿದ್ದ ಹಾಗೆ ಕಣದಿಂದ ಹಿಂದೆ ಸರಿದ, ಅಕ್ಟೋಬರ್‌ನಲ್ಲಿ ಮತ್ತೆ ಬಂದ. ಇಷ್ಟೆಲ್ಲಾ ಹುಚ್ಚಾಟ ಆಡಿಯೂ ಸುಮಾರು 1 ಕೋಟಿ 97 ಲಕ್ಷ ವೋಟು ತಗೊಂಡ. ನೂರಕ್ಕೆ 18.9. ನಮ್ಮ ನಿಯಮದ ಪ್ರಕಾರ ಆರನೇ ಒಂದು ಭಾಗ ದಾಟಿದವನು, ಅಂದ್ರೆ ಠೇವಣಿ ಉಳಿಸಿಕೊಂಡವನು.

ಅಷ್ಟಕ್ಕೆ ಸಿಕ್ಕ ಎಲೆಕ್ಟೋರಲ್ ಮತ ಎಷ್ಟು ಗೊತ್ತಾ? ಸೊನ್ನೆ.

ಅಲ್ಲಿ ಅಧ್ಯಕ್ಷನನ್ನ ಆರಿಸೋದು 538 ಎಲೆಕ್ಟೋರಲ್ ಮತಗಳು, ಗೆಲ್ಲೋಕೆ 270 ಬೇಕು. 48 ರಾಜ್ಯಗಳಲ್ಲಿ ಒಂದು ವೋಟು ಹೆಚ್ಚು ಬಂದವನಿಗೆ ರಾಜ್ಯದ ಪೂರ್ತಿ ಪಾಲು ಹೋಗುತ್ತೆ. ಪೆರೋಗೆ ದೇಶದ ತುಂಬಾ ಸ್ವಲ್ಪ ಸ್ವಲ್ಪ ಬಿತ್ತು, ಎಲ್ಲೂ ಮೊದಲ ಸ್ಥಾನ ಬರಲಿಲ್ಲ. ಅದೇ 1968ರಲ್ಲಿ ಜಾರ್ಜ್ ವಾಲೇಸ್‌ನ ನೋಡಿ. ಕರಿಯರಿಗೆ ಸಮಾನ ಹಕ್ಕು ಕೂಡದು ಅಂತ ಹೊರಟವನು. ಪೆರೋಗೆ ಬಿದ್ದ ವೋಟಿನ ಅರ್ಧದಷ್ಟು ಮಾತ್ರ ಬಿತ್ತು, ಸುಮಾರು 99 ಲಕ್ಷ. ಆದರೆ ದಕ್ಷಿಣದ ಐದು ರಾಜ್ಯಗಳನ್ನ ಗೆದ್ದು 46 ಎಲೆಕ್ಟೋರಲ್ ಮತ ಬಾಚಿಕೊಂಡ. ಅಂದರೆ ಈ ವ್ಯವಸ್ಥೆ ಮೂರನೆಯವರನ್ನೆಲ್ಲಾ ಒಂದೇ ರೀತಿ ಹೊಡೆಯಲ್ಲ. ಒಂದು ಮೂಲೆಯ ಸಿಟ್ಟನ್ನ ಒಟ್ಟುಗೂಡಿಸಿದವನಿಗೆ ಬಹುಮಾನ ಕೊಡುತ್ತೆ, ಇಡೀ ದೇಶದ ಜೊತೆ ಮಾತಾಡಿದವನಿಗೆ ಸೊನ್ನೆ ಕೊಡುತ್ತೆ. ನನಗೆ ಇದಕ್ಕಿಂತ ಕೆಟ್ಟ ಬಗ್ ಇನ್ನೊಂದು ಕಾಣಲ್ಲ.

ಸರಿ, ನಿಲ್ಲೋದಾದರೂ ಸುಲಭವಾ? ನಮ್ಮಲ್ಲಿ ಲೋಕಸಭೆಗೆ ಪಕ್ಷೇತರನಾಗಿ ನಿಲ್ಲೋಕೆ ಹತ್ತು ಜನ ಸೂಚಕರು, 25 ಸಾವಿರ ಠೇವಣಿ ಇದ್ದರಾಯ್ತು. ಅಲ್ಲಿ ಪ್ರತಿ ರಾಜ್ಯಕ್ಕೂ ಬೇರೆ ಬೇರೆ ಕಾನೂನು. ಟೆಕ್ಸಾಸ್ ಒಂದರಲ್ಲೇ 2024ರಲ್ಲಿ ಪಕ್ಷೇತರನೊಬ್ಬ 1,13,151 ಮತದಾರರ ಸಹಿ ತರಬೇಕಿತ್ತು. ಎರಡು ತಿಂಗಳು ಚಿಲ್ಲರೆ ಗಡುವು. ಆ ವರ್ಷ ಪಕ್ಷಗಳ ಪ್ರೈಮರಿಯಲ್ಲಿ ವೋಟು ಹಾಕಿದವರ ಸಹಿ ಲೆಕ್ಕಕ್ಕಿಲ್ಲ. ಟೀವಿ ಚರ್ಚೆಗೆ ಹೋಗಬೇಕಾದರೆ ಸಮೀಕ್ಷೆಯಲ್ಲಿ ನೂರಕ್ಕೆ 15 ಇರಬೇಕು ಅನ್ನೋ ನಿಯಮ 2000ದಿಂದ ಬಂತು. ಮಾಡಿದ್ದು ಚರ್ಚೆಗಳ ಆಯೋಗ. ಆ ಆಯೋಗವನ್ನ 1987ರಲ್ಲಿ ಹುಟ್ಟುಹಾಕಿದ್ದು ಇವೆರಡೇ ಪಕ್ಷಗಳ ಅಧ್ಯಕ್ಷರು! 1992ರಲ್ಲಿ ಈ ನಿಯಮ ಇದ್ದಿದ್ದರೆ ಪೆರೋ ಆ ವೇದಿಕೆಯನ್ನೇ ಹತ್ತುತ್ತಿರಲಿಲ್ಲ. ಮತ್ತೆ ಕಣಕ್ಕಿಳಿದಾಗ ಅವನು ಹತ್ತರ ಒಳಗೇ ಇದ್ದ.

ಇದನ್ನೆಲ್ಲಾ ಚೆನ್ನಾಗಿ ಅರ್ಥ ಮಾಡಿಕೊಂಡವನು ಯಾರು ಅಂದರೆ, ನಗಬೇಡಿ, ಟ್ರಂಪ್. 1999-2000ದಲ್ಲಿ ಪೆರೋನ ರಿಫಾರ್ಮ್ ಪಾರ್ಟಿಯಿಂದ ನಿಲ್ಲೋಕೆ ಓಡಾಡಿದ, ಆಗೋ ಮಾತಲ್ಲ ಅಂತ ಬಿಟ್ಟ. 2016ರಲ್ಲಿ ರಿಪಬ್ಲಿಕನ್ ಬಾಗಿಲಿನಿಂದಲೇ ಒಳಗೆ ನುಗ್ಗಿ ಅಧ್ಯಕ್ಷನಾದ. ಬರ್ನಿ ಸ್ಯಾಂಡರ್ಸ್ ಸೆನೆಟ್‌ನಲ್ಲಿ ಪಕ್ಷೇತರ, ಆದರೆ ಅಧ್ಯಕ್ಷ ಸ್ಥಾನಕ್ಕೆ ಎರಡು ಸಲವೂ ಡೆಮಾಕ್ರಟಿಕ್ ಪ್ರೈಮರಿಗೇ ಹೋದರು. ಮೂರನೇ ದಾರಿಯವರೂ ಇರೋ ಎರಡು ಬಾಗಿಲಲ್ಲೇ ತೂರಬೇಕು.

ತೂರದೇ ಹೋದರೆ 2024ರ ರಾಬರ್ಟ್ ಕೆನಡಿ ಜೂನಿಯರ್ ಕಥೆ. ಪಕ್ಷೇತರನಾಗಿ ಹೊರಟು, ಆಗಸ್ಟ್‌ನಲ್ಲಿ ಕೈಚೆಲ್ಲಿ ಟ್ರಂಪ್‌ಗೆ ಬೆಂಬಲ ಕೊಟ್ಟು, 2025ರ ಫೆಬ್ರವರಿಯಲ್ಲಿ ಆರೋಗ್ಯ ಖಾತೆ ಹಿಡಿದರು. ನಮ್ಮಲ್ಲಾದರೆ ಈ ಚೌಕಾಸಿ ಫಲಿತಾಂಶ ಬಂದ ಮೇಲೆ ನಡೆಯುತ್ತೆ. 2018ರಲ್ಲಿ 37 ಸೀಟು ಗೆದ್ದ ಜೆಡಿಎಸ್‌ನ ಕುಮಾರಸ್ವಾಮಿ ಮುಖ್ಯಮಂತ್ರಿ ಆಗಲಿಲ್ಲವೇ? ಅದು ಸರಿಯೋ ತಪ್ಪೋ, ಆ ಮೂವತ್ತೇಳು ಕಡೆ ವೋಟು ಹಾಕಿದವನ ಕೈಯಲ್ಲಿ ಏನೋ ಒಂದಿತ್ತು. ಅಧ್ಯಕ್ಷ ಪದ್ಧತಿಯಲ್ಲಿ ಇರೋದು ಒಂದೇ ಕುರ್ಚಿ. ಯಾರಿಗೂ 270 ಬರದಿದ್ದರೆ ತೀರ್ಮಾನ ಕೆಳಮನೆಗೆ ಹೋಗುತ್ತೆ, ಅಲ್ಲಿ ರಾಜ್ಯಕ್ಕೊಂದು ವೋಟು. ಆ ಮನೆ ತುಂಬಾ ಇರೋದು ಮತ್ತೆ ಇವೆರಡೇ ಪಕ್ಷದವರು.

ಹಾಗಾದರೆ ಬೇರೆ ರೀತಿ ಎಣಿಸೋಕೆ ಸಾಧ್ಯವೇ ಇಲ್ವಾ? ಇದೆ ಸ್ವಾಮಿ, ನಮ್ಮಲ್ಲೇ ಇದೆ. ಡಿಗ್ರಿ ಮುಗಿದು ಮೂರು ವರ್ಷ ಆದವರು ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಹೆಸರು ನೋಂದಾಯಿಸಬಹುದು ತಾನೇ? ಅಲ್ಲಿ ವೋಟಿಂಗ್ ಮಶೀನ್ ಇಲ್ಲ. ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಡ್ತಾರೆ, ಇಷ್ಟವಾದವರ ಮುಂದೆ 1, 2, 3 ಅಂತ ಬರೀಬೇಕು. ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ, ಕೊನೆಯವನನ್ನ ತೆಗೆದು ಅವನ ವೋಟುಗಳನ್ನ ಎರಡನೇ ಪ್ರಾಶಸ್ತ್ಯದವರಿಗೆ ಹಂಚ್ತಾರೆ. ನಮ್ಮ ರಾಷ್ಟ್ರಪತಿಯನ್ನ ಶಾಸಕರು, ಸಂಸದರು ಆರಿಸೋದೂ ಹೀಗೇ.

1969ರ ರಾಷ್ಟ್ರಪತಿ ಚುನಾವಣೆ ನೆನಪಿಸಿಕೊಳ್ಳಿ. ಬೆಂಗಳೂರಿನ ಎಐಸಿಸಿ ಅಧಿವೇಶನದ ಹೊತ್ತಿಗೆ ಕಾಂಗ್ರೆಸ್ ಹಿರಿಯರು ಸಂಜೀವ ರೆಡ್ಡಿಯವರನ್ನ ಅಭ್ಯರ್ಥಿ ಮಾಡಿದರು. ಇಂದಿರಾ ಗಾಂಧಿಗೆ ಅದು ಒಗ್ಗಲಿಲ್ಲ. ಹಿಂದೆ ಮೈಸೂರು ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಪಕ್ಷೇತರರಾಗಿ ನಿಂತರು. ಮೂರನೆಯವರಾಗಿ ಸಿ.ಡಿ. ದೇಶಮುಖ್. ಮೊದಲ ಎಣಿಕೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ದೇಶಮುಖ್ ಮತಗಳ ಎರಡನೇ ಪ್ರಾಶಸ್ತ್ಯ ಹೆಚ್ಚಿನದು ರೆಡ್ಡಿಯವರಿಗೇ ಹೋಯ್ತು, ಆದರೂ ಗಿರಿ ಸ್ವಲ್ಪದರಲ್ಲಿ ದಡ ಸೇರಿದರು. ಕಾಂಗ್ರೆಸ್ಸೇ ಆ ವರ್ಷ ಒಡೆದು ಎರಡಾಯ್ತು. ಆದರೆ ದೇಶಮುಖ್ ನಿಂತು ವೋಟು ಒಡೆದರು ಅನ್ನೋಕೆ ಯಾರಿಗೂ ದಾರಿ ಇರಲಿಲ್ಲ. ಅವರಿಗೆ ಬಿದ್ದ ವೋಟು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಿತ್ತು.

ಇದರಿಂದ ಎಲೆಕ್ಟೋರಲ್ ಕಾಲೇಜಿನ ತೊಂದರೆ ಹೋಗಲ್ಲ, ಪೆರೋ ಗೆದ್ದುಬಿಡುತ್ತಲೂ ಇರಲಿಲ್ಲ, ನಿಜ. ಆದರೆ 97 ಸಾವಿರ ಜನ ನೇಡರ್‌ಗೆ 1 ಅಂತ, ಇನ್ನೊಬ್ಬರಿಗೆ 2 ಅಂತ ಬರೆದಿದ್ದರೆ 537ರ ಜಗಳ ಅಲ್ಲೇ ತೀರುತ್ತಿತ್ತು. ಮೇಲಿಂದ ಅಧ್ಯಕ್ಷನಾಗಿ ಇಳಿದು ಬಂದು ಎರಡು ಪಕ್ಷಗಳನ್ನ ಮುರೀತೀನಿ ಅನ್ನೋ ಕೋಟ್ಯಾಧೀಶರು ಈ ಎಣಿಕೆ ಬದಲಿಸೋ ಕೆಲಸಕ್ಕೆ ದುಡ್ಡು ಸುರಿದರೆ ಹೆಚ್ಚು ಉಪಯೋಗ ಅಂತ ನನ್ನ ಲೆಕ್ಕಾಚಾರ.

ಮೇನ್ ರಾಜ್ಯದವರು ಈ ಕೆಲಸ ಕೆಳಗಿಂದ ಮಾಡಿದರು. 2010ರಲ್ಲಿ ಅಲ್ಲಿ ನೂರಕ್ಕೆ 38 ಕೂಡ ಬರದ ಪಾಲ್ ಲೆಪೇಜ್ ಗವರ್ನರ್ ಆದರು. ಎರಡನೇ ಸ್ಥಾನಕ್ಕೆ ಬಂದದ್ದು ಒಬ್ಬ ಪಕ್ಷೇತರ. ರೋಸಿಹೋದ ಜನ 2016ರಲ್ಲಿ ಜನಮತದಿಂದಲೇ 1, 2, 3 ಪದ್ಧತಿ ತಂದರು. 2020ರಲ್ಲಿ ಅಧ್ಯಕ್ಷ ಚುನಾವಣೆಯಲ್ಲೂ ಹಾಗೇ ವೋಟು ಹಾಕಿದರು, ಅಮೆರಿಕಾದಲ್ಲಿ ಅದೇ ಮೊದಲು. ಆಮೇಲೆ ಅಲಾಸ್ಕಾ ಬಂತು. 2024ರಲ್ಲಿ ಅಲ್ಲಿ ಅದನ್ನ ಕಿತ್ತುಹಾಕೋ ಪ್ರಯತ್ನ ಕೂದಲೆಳೆಯಲ್ಲಿ ಸೋತಿತು.

ಮತ್ತೆ ಫ್ಲಾರಿಡಾ? 537 ಮತಗಳಿಗಾಗಿ ವಾರಗಟ್ಟಲೆ ಇಡೀ ಜಗತ್ತನ್ನ ಕಾಯಿಸಿದ ಆ ರಾಜ್ಯ 2022ರಲ್ಲಿ ಒಂದು ಕಾನೂನು ಮಾಡಿತು. 1, 2, 3 ಅಂತ ಬರೆದು ವೋಟು ಹಾಕೋ ಪದ್ಧತಿಯನ್ನ ರಾಜ್ಯದ ಯಾವ ಚುನಾವಣೆಯಲ್ಲೂ ಬಳಸಕೂಡದು ಅಂತ.