ಮೀನಿಗೆ ನೀರು, ಗೋಡೆಗೆ ತೇವ

ದೊಡ್ಡ ಅಕ್ವೇರಿಯಂ ಕೊಳ್ಳಲು ಹೋದವರು ಮೀನಿನ ಬಣ್ಣ ನೋಡುತ್ತಾರೆ, ಗಾಜಿನ ದಪ್ಪ ವಿಚಾರಿಸುತ್ತಾರೆ, ಬೆಲೆಯಲ್ಲಿ ಚೌಕಾಸಿ ಮಾಡುತ್ತಾರೆ. ಅದನ್ನು ಯಾವುದರ ಮೇಲೆ ಇಡಬೇಕೆಂಬ ಪ್ರಶ್ನೆ ಏಳುವುದು ತೊಟ್ಟಿ ಮನೆಯ ಬಾಗಿಲಿಗೆ ಬಂದ ಮೇಲೆಯೇ. ಆಗ ಮಕ್ಕಳು ಓದುವ ಮೇಜೋ, ಹಳೆಯ ಟಿ.ವಿ. ಸ್ಟ್ಯಾಂಡೋ ನೆನಪಾಗುತ್ತದೆ. ಆ ಮೇಜು ತಡೆದೀತೆ?

ಲೆಕ್ಕ ಮಾಡಿ ನೋಡೋಣ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿ ಎಂದರೆ 12 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್ ನೀರು ಹಿಡಿಯುತ್ತದೆ. ಒಟ್ಟು 340 ಲೀಟರ್, ಅಂದರೆ 340 ಕಿಲೊ. ಗಾಜಿನ ತೂಕ, ತಳದಲ್ಲಿ ಹಾಸುವ ಸಣ್ಣ ಕಲ್ಲು ಸೇರಿದರೆ 450 ಕಿಲೊ ಮುಟ್ಟುತ್ತದೆ. ತೊಗರಿಯ ನಾಡಿನವರಿಗೆ ಹೇಳುವುದಾದರೆ, ಕ್ವಿಂಟಲ್ ತೂಕದ ನಾಲ್ಕೂವರೆ ಚೀಲ ತೊಗರಿ. ಅಷ್ಟು ಚೀಲಗಳನ್ನು ಹಗಲೂ ರಾತ್ರಿ ವರ್ಷಗಟ್ಟಲೆ ಓದುವ ಮೇಜಿನ ಮೇಲೆ ಯಾರೂ ಇಡುವುದಿಲ್ಲ.

ಆದರೂ ಭಾರವನ್ನು ನಂಬಬಹುದು. ಅದು ಇಂದು ಎಷ್ಟಿದೆಯೋ ನಾಳೆಯೂ ಅಷ್ಟೇ. ಒಮ್ಮೆ ಲೆಕ್ಕ ಹಾಕಿ ಕಟ್ಟಿದರೆ ಆ ಚಿಂತೆ ಮುಗಿಯಿತು. ಕಣ್ಣಿಗೆ ಬೀಳದೆ ಕೆಲಸ ಮಾಡುವುದು ತೇವ. ತೊಟ್ಟಿಯಿಂದ ಗಾಳಿಗೆ ಏರಿ, ಗಾಳಿಯಿಂದ ಗೋಡೆಗೆ, ಪ್ಲೈವುಡ್ಡಿಗೆ, ಕಬ್ಬಿಣಕ್ಕೆ ಇಳಿಯುತ್ತದೆ. ಸ್ಟ್ಯಾಂಡನ್ನು ಭಾರಕ್ಕಾಗಿ ಕಟ್ಟುವವರು ಬಹಳ. ತೇವವನ್ನು ನೆನೆದು ಕಟ್ಟುವವರು ಕಡಿಮೆ.

ಮೊದಲು ಸ್ಟ್ಯಾಂಡಿನ ಮಾತು. ನಮ್ಮ ಜಿಲ್ಲೆಯಲ್ಲಿ ಇದಕ್ಕಾಗಿ ದೂರ ಹೋಗಬೇಕಿಲ್ಲ. ಶಹಾಬಾದ್ ಪರಸಿ ಕೈಗೆಟಕುವಂತಿದೆ. ಆದರೆ ಕಲ್ಲಿನ ಗುಣ ತಿಳಿದಿರಬೇಕು. ಮೇಲಿನಿಂದ ಒತ್ತುವ ಭಾರವನ್ನು ಅದು ಚೆನ್ನಾಗಿ ತಾಳುತ್ತದೆ. ಬಾಗಿಸುವ ಭಾರಕ್ಕೆ ಸೂಚನೆ ಕೊಡದೆ ಮುರಿಯುತ್ತದೆ. ಆದ್ದರಿಂದ ಎರಡು ತುದಿಗೆ ಮಾತ್ರ ಆಸರೆ ಕೊಟ್ಟರೆ ಸಾಲದು. 9 ಇಂಚು ದಪ್ಪದ ಮೂರು ಇಟ್ಟಿಗೆ ಗೋಡೆಗಳನ್ನು, ತುದಿಗೊಂದರಂತೆ ಎರಡು ಮತ್ತು ನಡುವೆ ಒಂದು, ಎರಡೂವರೆ ಅಡಿ ಎತ್ತರಕ್ಕೆ ಗೌಂಡಿಯಿಂದ ಕಟ್ಟಿಸಿ ಮೇಲೆ 2 ಇಂಚಿನ ಪರಸಿ ಹಾಸಬೇಕು. ಈ ಗೋಡೆಗಳೇ ಹೆಚ್ಚುಕಡಿಮೆ ತೊಟ್ಟಿಯಷ್ಟು ತೂಗುತ್ತವೆ. ಹಾಗಾಗಿ ನೆಲಮಹಡಿಗೆ ಮಾತ್ರ ಈ ಉಪಾಯ.

ಮೇಲಿನ ಮಹಡಿಯಲ್ಲಿ ಇರುವವರಿಗೆ ಕಬ್ಬಿಣದ ಆಂಗಲ್ ಸ್ಟ್ಯಾಂಡೇ ಸರಿ. 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಆಂಗಲ್ ಬಳಸಿ, ಹಿಂಬದಿಗೆ ಓರೆಯಾಗಿ ಒಂದು ಪಟ್ಟಿ ಬೆಸುಗೆ ಹಾಕಿಸಿ. ಓರೆ ಪಟ್ಟಿ ಇಲ್ಲದ ಚೌಕಟ್ಟು ಭಾರ ಹೊತ್ತೀತು, ಆದರೆ ಪಕ್ಕಕ್ಕೆ ತೂಗಾಡುತ್ತದೆ. ಕಾಲುಗಳ ಕೆಳಗೆ ಅಂಗೈ ಅಗಲದ ದಪ್ಪ ತಗಡು ಇರಲಿ. ಮನೆಯ ಕೋಣೆಗಳ ಸ್ಲ್ಯಾಬನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೊ ಬಳಕೆಯ ಭಾರ ಎಂದು ಎಣಿಸಿ ಕಟ್ಟಿರುತ್ತಾರೆ. ನಮ್ಮ ತೊಟ್ಟಿ ನಿಲ್ಲುವ ಜಾಗ ಅರ್ಧ ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಕೋಣೆಯ ನಡುವೆ ಇಡದೆ, ತೊಲೆಯ ಮೇಲೆ ಬರುವಂತೆ ಗೋಡೆಯ ಹತ್ತಿರ ಇಡಬೇಕು. ಇಡುವ ಮುನ್ನ ಒಬ್ಬ ಇಂಜಿನಿಯರರನ್ನು ಕೇಳುವುದು ಜಾಣತನ.

ಯಾವ ಸ್ಟ್ಯಾಂಡಾದರೂ ಮೇಲೆ ಮುಕ್ಕಾಲು ಇಂಚಿನ ವಾಟರ್‌ಪ್ರೂಫ್ ಪ್ಲೈವುಡ್, ಅದರ ಮೇಲೆ ಅರ್ಧ ಇಂಚು ಥರ್ಮೋಕೋಲ್ ಹಾಳೆ ಬೇಕು. ತಳದ ಗಾಜಿನ ಕೆಳಗೆ ಒಂದು ಮರಳಿನ ಹರಳು ಸಿಕ್ಕಿಕೊಂಡರೂ ಭಾರವೆಲ್ಲ ಅಲ್ಲಿ ಕೂಡಿಕೊಂಡು ಗಾಜು ಬಿರುಕು ಬಿಡುತ್ತದೆ. ಥರ್ಮೋಕೋಲ್ ಆ ಹರಳನ್ನು ತನ್ನೊಳಗೆ ನುಂಗಿಕೊಳ್ಳುತ್ತದೆ. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ. ನಾಲ್ಕೂ ಅಂಚಿಗೆ ಬಣ್ಣ ಬಳಿಯಲು ಮರೆಯಬೇಡಿ. ಕಬ್ಬಿಣಕ್ಕೆ ಮೊದಲು ರೆಡ್ ಆಕ್ಸೈಡ್, ನಂತರ ಎರಡು ಕೈ ಎನಾಮಲ್.

ಇನ್ನು ನೆಲ. ಕಲಬುರಗಿಯ ಎಷ್ಟೋ ಬಡಾವಣೆಗಳು ಎದ್ದಿರುವುದು ಎರೆಮಣ್ಣಿನ ಮೇಲೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವುದು, ಬೇಸಿಗೆಯಲ್ಲಿ ಒಣಗಿ ಬಿರಿಯುವುದು ಈ ಮಣ್ಣಿನ ಸ್ವಭಾವ. ಮೇಲೆ ಹಾಸಿದ ಪರಸಿಯೂ ಅದರ ಜೊತೆ ಏರಿಳಿಯುತ್ತದೆ. ಜನವರಿಯಲ್ಲಿ ಸಮತಟ್ಟಾಗಿದ್ದ ಸ್ಟ್ಯಾಂಡು ಸೆಪ್ಟೆಂಬರಿನಲ್ಲಿ ವಾಲಿರಬಹುದು. ಇದನ್ನು ಕಂಡುಹಿಡಿಯಲು ಉಪಕರಣ ಬೇಡ, ತೊಟ್ಟಿಯ ನೀರೇ ಸಾಕು. ಗಾಜಿನ ಮೇಲಂಚಿನಿಂದ ನೀರಿನ ಗೆರೆಯವರೆಗೆ ನಾಲ್ಕು ಮೂಲೆಯಲ್ಲೂ ಸ್ಕೇಲ್ ಹಿಡಿದು ಅಳೆಯಿರಿ. ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಅಳೆದು ಬರೆದಿಡಿ. ವ್ಯತ್ಯಾಸ ಬೆಳೆಯುತ್ತಿದ್ದರೆ ನೀರು ಖಾಲಿ ಮಾಡಿ, ನೆಲ ಸರಿಪಡಿಸಬೇಕು. ತುಂಬಿದ ತೊಟ್ಟಿಯ ಕಾಲ ಕೆಳಗೆ ಬೆಣೆ ಬಡಿಯಲು ಹೋಗಬೇಡಿ.

ಈಗ ಗಾಳಿಯ ತೇವಕ್ಕೆ ಬರೋಣ. ಮೇ ತಿಂಗಳ ಮಧ್ಯಾಹ್ನ ಕಮಲಾಪುರದ ಕೆಂಪು ಬಾಳೆಯ ತೋಟದೊಳಗೆ ಹೋದವರಿಗೆ ಗೊತ್ತು, ರಸ್ತೆಯ ಬಿಸಿಲೇ ಬೇರೆ, ತೋಟದ ತಂಪೇ ಬೇರೆ. ಅಗಲವಾದ ಎಲೆಗಳು ನೀರನ್ನು ಆವಿಯಾಗಿಸುತ್ತವೆ. ಆವಿಯಾಗಲು ಬೇಕಾದ ಶಾಖ ಸುತ್ತಲಿನಿಂದಲೇ ಹೋಗುತ್ತದೆ. ತೊಟ್ಟಿಯ ಮೇಲ್ಮೈಯಲ್ಲಿ ನಡೆಯುವುದೂ ಇದೇ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೊ ಕ್ಯಾಲೊರಿ ಬೇಕು. ಅಷ್ಟೂ ಶಾಖ ತೊಟ್ಟಿಯಿಂದಲೇ ಹೋದರೆ 340 ಲೀಟರ್ ನೀರು 1.7 ಡಿಗ್ರಿ ತಣ್ಣಗಾಗುತ್ತದೆ. ಒಣ ಬೇಸಿಗೆಯಲ್ಲಿ ಮುಚ್ಚಳ ಸರಿಸಿ, ಬಲೆ ಹೊದಿಸಿ, ನೀರಿನ ಮೇಲೆ ಫ್ಯಾನ್ ಗಾಳಿ ಹಾಯಿಸಿದರೆ ಮೀನು ಬದುಕಿಕೊಳ್ಳುತ್ತದೆ. ಬಿಸಿನೀರಿನಲ್ಲಿ ಪ್ರಾಣವಾಯು ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಕರಗಿದರೆ 30 ಡಿಗ್ರಿಯಲ್ಲಿ ಏಳೂವರೆ ಮಾತ್ರ.

ಅದೇ ಉಪಾಯ ಮಳೆಗಾಲದಲ್ಲಿ ಮನೆಗೆ ಮುಳುವು. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯ ಅಷ್ಟೂ ಗಾಳಿ 30 ಡಿಗ್ರಿಯಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಆವಿ ಸುಮಾರು ಒಂದೂಕಾಲು ಲೀಟರ್ ನೀರಿನಷ್ಟು. ಮಳೆಗಾಲದಲ್ಲಿ ಅದರ ಮುಕ್ಕಾಲು ಪಾಲು ಮೊದಲೇ ತುಂಬಿದ್ದರೆ ಉಳಿಯುವ ಜಾಗ ಕಾಲು ಲೀಟರಿಗಿಂತ ತುಸು ಹೆಚ್ಚು. ನಮ್ಮ ತೊಟ್ಟಿಯ ನೀರು 3 ಮಿ.ಮೀ. ಇಳಿದರೆ ಒಂದೂಮುಕ್ಕಾಲು ಲೀಟರಿನ ಹತ್ತಿರ ಹೋಯಿತು ಎಂದರ್ಥ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ತಣ್ಣನೆಯ ಗೋಡೆಗೆ, ಪುಸ್ತಕಕ್ಕೆ, ಬಟ್ಟೆಯ ಕಪಾಟಿಗೆ ಸೇರುತ್ತದೆ. ಬೂಷ್ಟು ಹಿಡಿಯುವುದು ಹೀಗೆ.

ಅಳೆಯುವುದು ಕಷ್ಟವಲ್ಲ. ಎರಡು ಥರ್ಮಾಮೀಟರುಗಳನ್ನು ಪಕ್ಕಪಕ್ಕ ನೇತುಹಾಕಿ, ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ, ಫ್ಯಾನ್ ಹಾಕಿ. ಒಣದ್ದು 40, ಒದ್ದೆಯದು 22 ತೋರಿಸಿದರೆ ಆರ್ದ್ರತೆ ಶೇ 20ರ ಆಸುಪಾಸು, ಮುಚ್ಚಳ ತೆರೆಯಬಹುದು. 30 ಮತ್ತು 25 ಆದರೆ ಶೇ 67, ಎಚ್ಚರ. 30 ಮತ್ತು 28 ಆದರೆ ಶೇ 86. ಗಾಜಿನ ಮುಚ್ಚಳ ಹಾಕಿ, ಏರ್ ಪಂಪ್ ನಿಲ್ಲಿಸದೆ, ಎಕ್ಸಾಸ್ಟ್ ಫ್ಯಾನ್ ಓಡಿಸಿ. ಏರ್ ಕೂಲರ್ ಇರುವ ಕೋಣೆ ಬೇಸಿಗೆಯಲ್ಲೂ ಮಳೆಗಾಲದಂತೆಯೇ. ಅಲ್ಲಿ ಕಿಟಕಿ ತೆರೆದಿರಲೇಬೇಕು.

ಕಮಲಾಪುರದ ಗೆಳೆಯರೊಬ್ಬರು ತಂದೆ ಕಟ್ಟಿಸಿದ ಮಾಳಿಗೆ ಮನೆಯಲ್ಲಿ ಇಂಥದೇ ತೊಟ್ಟಿ ಇಡಲು ಹೊರಟಿದ್ದಾರೆ. ಕಲಬುರಗಿಯ ಆರ್‌ಸಿಸಿ ಮನೆಯ ಲೆಕ್ಕ ಅಲ್ಲಿಗೆ ನಡೆಯದು. ಭಾರದ ಭಯವಿಲ್ಲ, ನೆಲ ಗಟ್ಟಿಯಾಗಿದೆ. ಆದರೆ ಗೋಡೆಯ ಕಲ್ಲುಗಳನ್ನು ಹಿಡಿದಿರುವುದು ಮಣ್ಣು. ಮಾಳಿಗೆ ಹೊತ್ತಿರುವುದು ಮರದ ತೊಲೆ, ಜಂತಿ. ತೇವಕ್ಕೆ ಮಣ್ಣು ಸಡಿಲಾಗುತ್ತದೆ, ಮರಕ್ಕೆ ಗೆದ್ದಲು ಬರುತ್ತದೆ. ಅವರಿಗೆ ನಾನು ಹೇಳಿದ್ದಿಷ್ಟು: ಇಟ್ಟಿಗೆ ಮತ್ತು ಪರಸಿಯ ಸ್ಟ್ಯಾಂಡು ಕಟ್ಟಿಸಿ, ಗೋಡೆಯಿಂದ ಒಂದು ಅಡಿ ದೂರವಿರಲಿ, ಬೆಳಕಿಂಡಿಯ ನೇರಕ್ಕೆ ಇಡಿ, ಮುಚ್ಚಳ ಬಿಡಬೇಡಿ, ಪ್ರತಿ ತಿಂಗಳು ಜಂತಿಯ ಮೇಲೆ ಕಣ್ಣಿಡಿ. ಜಂತಿಯಲ್ಲಿ ಬೂಷ್ಟು ಕಂಡ ದಿನ ತೊಟ್ಟಿ ತೆಗೆಯಬೇಕು, ಮನೆ ಉಳಿಯಬೇಕು.

ಕೊನೆಯದಾಗಿ ವಿದ್ಯುತ್ತು. ಪ್ಲಗ್ ಬೋರ್ಡು ತೊಟ್ಟಿಯ ಕೆಳಗೆ ಬೇಡ. ವೈರು ಬೋರ್ಡಿಗಿಂತ ಕೆಳಕ್ಕೆ ಇಳಿದು ಮೇಲೇರುವಂತಿದ್ದರೆ ಅದರಗುಂಟ ಹರಿದ ನೀರು ಕೆಳಗೇ ತೊಟ್ಟಿಕ್ಕುತ್ತದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ತೊಟ್ಟಿಗೆ ಕೈ ಹಾಕುವ ಮುನ್ನ ಸ್ವಿಚ್ ಆರಿಸುವ ರೂಢಿಯನ್ನು ಮಕ್ಕಳಿಗೂ ಕಲಿಸಿ. ಎಲ್ಲ ಸಿದ್ಧವಾದ ಮೇಲೆ ಒಂದು ವಾರ ಬರೀ ನೀರು ತುಂಬಿಟ್ಟು, ದಿನವೂ ನಾಲ್ಕು ಮೂಲೆ ಅಳೆಯಿರಿ. ಗೆರೆ ಕದಲದಿದ್ದರೆ ಮೀನು ತರಲು ಹೊರಡಬಹುದು.