ಹೊಗೆಯಿಲ್ಲದ ಕಾರು

ಹೊಗೆಯುಗುಳದ ವಾಹನವನ್ನು ಯಾರು ತಾನೆ ಮೆಚ್ಚುವುದಿಲ್ಲ? ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರಾಟಕ್ಕೆ ಬಂದ ‘ರೇವಾ’ ಎಂಬ ಪುಟ್ಟ ಕಾರು ಮನೆಯ ವಿದ್ಯುತ್ತನ್ನೇ ತುಂಬಿಕೊಂಡು ಓಡುತ್ತಿತ್ತು. ಇಂದು ಇಂತಹ ಕಾರುಗಳು ಅಪರೂಪವಲ್ಲ. ಆದರೆ ಕಾರಿನಲ್ಲಿ ಹೊಗೆಯಿಲ್ಲವೆಂದ ಮಾತ್ರಕ್ಕೆ ಎಲ್ಲಿಯೂ ಹೊಗೆಯಿಲ್ಲವೆಂದು ಭಾವಿಸುವುದು ತಪ್ಪು. ಶರಾವತಿಯ ನೀರಿನಿಂದ ವಿದ್ಯುತ್ತನ್ನು ಪಡೆಯುವಾಗ ಹೊಗೆ ಏಳುವುದಿಲ್ಲ. ರಾಯಚೂರಿನ ಸ್ಥಾವರದಲ್ಲಿ ಕಲ್ಲಿದ್ದಲನ್ನು ಸುಟ್ಟು ಪಡೆಯುವಾಗ ಏಳುತ್ತದೆ. ಕಾರಿನ ಒಡೆಯನ ಬೀದಿ ಶುಭ್ರವಾದರೂ ಸ್ಥಾವರದ ನೆರೆಯವರು ಆ ಹೊಗೆಯನ್ನು ಉಸಿರಾಡಬೇಕು.

ಹಗಲಿನಲ್ಲಿ ಪಾವಗಡದ ಬಯಲಿನ ಬಿಸಿಲೇ ವಿದ್ಯುತ್ತಾಗುತ್ತದೆ. ಆದರೆ ಕಾರುಳ್ಳವರು ಸಂಜೆ ಮನೆಗೆ ಮರಳಿ, ದೀಪಗಳೆಲ್ಲ ಹೊತ್ತಿ ಬೇಡಿಕೆ ಏರಿದ ವೇಳೆಯಲ್ಲಿಯೇ ಚಾರ್ಜ್ ಮಾಡಲು ತೊಡಗುತ್ತಾರೆ. ಅದಕ್ಕಾಗಿ ಅವರನ್ನು ಹಳಿದು ಫಲವಿಲ್ಲ; ಹಗಲೆಲ್ಲ ಕಾರು ಕಚೇರಿಯ ಮುಂದೆ ನಿಂತಿರುತ್ತದೆ. ಬಿಸಿಲಿನ ವೇಳೆಯ ವಿದ್ಯುತ್ ದರವು ಸಾಮಾನ್ಯ ದರಕ್ಕಿಂತ ಶೇಕಡ 20ರಷ್ಟಾದರೂ ಕಡಿಮೆಯಿರಬೇಕೆಂದು ಕೇಂದ್ರ ಸರ್ಕಾರವು 2023ರಲ್ಲಿ ನಿಯಮ ಮಾಡಿತು. ದರವೊಂದು ಇಳಿದರೆ ಸಾಲದು. ಕಚೇರಿ, ಕಾರ್ಖಾನೆಗಳ ಅಂಗಳದಲ್ಲಿಯೂ ಚಾರ್ಜ್ ಮಾಡುವ ಅನುಕೂಲ ಒದಗಬೇಕು. ಹಾಗಾದರೆ ಒಡೆಯನ ಬೀದಿಗೆ ದೊರೆತ ಶುಭ್ರತೆ ಸ್ಥಾವರದ ನೆರೆಹೊರೆಗೂ ಅಷ್ಟಿಷ್ಟು ದೊರೆತೀತು.