ಮಗುವನ್ನು ಆಟದ ಶಾಲೆಗೆ ಒಪ್ಪಿಸುವ ಮುನ್ನ

ಮಕ್ಕಳನ್ನು ವಿದ್ಯೆಗಾಗಿ ಮನೆಯಿಂದ ದೂರವಿರಿಸುವುದು ನಮ್ಮ ಮಲೆನಾಡಿನ ಮನೆತನಗಳಿಗೆ ಹೊಸತಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಎಷ್ಟೋ ಮಂದಿ ಹಿರಿಯರು ಹತ್ತು ಹನ್ನೆರಡರ ವಯಸ್ಸಿನಲ್ಲಿ ಒಂದು ಟ್ರಂಕು, ಒಂದು ಚಾಪೆ, ತಟ್ಟೆ ಲೋಟಗಳೊಡನೆ ಮಠದ ಉಚಿತ ಪ್ರಸಾದ ನಿಲಯವನ್ನೋ ಸರ್ಕಾರದ ವಿದ್ಯಾರ್ಥಿನಿಲಯವನ್ನೋ ಸೇರಿ ಓದಿದವರು. ಅಲ್ಲಿಗೆ ಹೋದವರೆಲ್ಲರೂ ವಿದ್ವಾಂಸರಾಗಲಿಲ್ಲ, ಅಧಿಕಾರಿಗಳೂ ಆಗಲಿಲ್ಲ. ಆದರೆ ನಾಲ್ಕಕ್ಷರವನ್ನೂ, ನಾಲ್ವರೊಡನೆ ಬಾಳುವ ಶಿಸ್ತನ್ನೂ ಪಡೆದು ಊರಿಗೆ ಮರಳಿದರು. ಸೇರಿದ ನೂರು ಮಕ್ಕಳಲ್ಲಿ ಮೇಲೇರಿದ ಇಬ್ಬರು ಮೂವರಿಂದ ಒಂದು ವಸತಿ ಶಾಲೆಯ ಬೆಲೆಯನ್ನು ಕಟ್ಟಲಾಗದು. ಉಳಿದವರು ಯಾವ ಸ್ಥಿತಿಯಲ್ಲಿ ಮನೆಗೆ ಬಂದರೆಂಬುದರಿಂದಲೇ ಅದನ್ನು ಕಟ್ಟಬೇಕು. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದೇ ಈ ತಿಂಗಳ ವಿಷಯಕ್ಕೆ ಬರುತ್ತೇನೆ.

ಈಗ ಓದಿಗಾಗಿ ಮಾತ್ರವಲ್ಲ, ಆಟಕ್ಕಾಗಿಯೂ ಮಕ್ಕಳು ಮನೆ ಬಿಡುವ ಕಾಲ ಬಂದಿದೆ. ಕಾಲ್ಚೆಂಡಾಟದ ಕ್ಲಬ್ಬುಗಳು ಹನ್ನೆರಡು ಹದಿಮೂರರ ಬಾಲಕರನ್ನು ಆಯ್ದು, ಊಟ ವಸತಿ ಕೊಟ್ಟು ಪಳಗಿಸುವ ತರಬೇತಿ ಶಾಲೆಗಳಿಗೆ ಅಕಾಡೆಮಿ ಎಂಬ ಹೆಸರಿದೆ. ಟಿ.ವಿ.ಯಲ್ಲಿಯೂ ಮೊಬೈಲಿನಲ್ಲಿಯೂ ಆಟ ನೋಡಿ ಬೆಳೆದ ಮಗ, ‘ನಾನೂ ಅಲ್ಲಿಗೆ ಸೇರುತ್ತೇನೆ’ ಎಂದು ಹಟ ಹಿಡಿದಾಗ ತಂದೆತಾಯಿಗಳು ಏನು ಹೇಳಬೇಕು? ಬೇಡವೆಂದು ಗದರುವುದು ಸುಲಭ. ಕಳುಹಿಸಿ ನಿಶ್ಚಿಂತರಾಗುವುದೂ ಸುಲಭ. ವಿಚಾರಿಸಿ ನಿರ್ಧರಿಸುವುದು ಕಷ್ಟ. ಆದರೆ ಅದೇ ಸರಿಯಾದ ದಾರಿ.

ಕಾಲ್ಚೆಂಡಾಟ ಕನ್ನಡ ನಾಡಿಗೆ ನಿನ್ನೆ ಮೊನ್ನೆ ಬಂದುದಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಆ ಪ್ರಶಸ್ತಿಯನ್ನು ಪಡೆದ ಮೊಟ್ಟಮೊದಲ ಭಾರತೀಯ ತಂಡವದು; ಮರುವರ್ಷವೂ ಅದೇ ತಂಡ ಗೆದ್ದಿತು. ಬೆಂಗಳೂರಿನ ಅಹ್ಮದ್ ಖಾನರು 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ ದೇಶಕ್ಕಾಗಿ ಆಡಿದರು. ಮೈಸೂರು ರಾಜ್ಯದ ತಂಡ ರಾಷ್ಟ್ರಮಟ್ಟದ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ತಂದಿತು. ಅವುಗಳಲ್ಲಿ ಕೊನೆಯದು 1968-69ರ ಗೆಲುವು. ಆಮೇಲೆ ಕರ್ನಾಟಕ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ನಮ್ಮ ತಂಡ ಆ ಪ್ರಶಸ್ತಿಯನ್ನು ಮತ್ತೆ ಪಡೆಯಿತು.

ಹಿಂದಿನ ಆಟಗಾರರಿಗಿದ್ದ ಒಂದು ಆಸರೆಯನ್ನು ಇಲ್ಲಿ ನೆನೆಯಬೇಕು. ಐ.ಟಿ.ಐ., ಎಚ್.ಎ.ಎಲ್., ಬಿ.ಇ.ಎಂ.ಎಲ್. ಮುಂತಾದ ಸಾರ್ವಜನಿಕ ಉದ್ದಿಮೆಗಳು ತಮ್ಮದೇ ತಂಡಗಳನ್ನು ಕಟ್ಟಿ ಆಟಗಾರರಿಗೆ ನೌಕರಿ ಕೊಡುತ್ತಿದ್ದವು. ಮೊಣಕಾಲು ಸೋತು ಆಟ ನಿಂತರೂ ಮನೆಯ ಒಲೆ ಆರುತ್ತಿರಲಿಲ್ಲ. ಆ ವ್ಯವಸ್ಥೆ ಕ್ರಮೇಣ ಸೊರಗಿತು. ಎಚ್.ಎ.ಎಲ್. ತಂಡವೂ 2011-12ರ ಬಳಿಕ ದೇಶದ ಉನ್ನತ ಲೀಗಿನಿಂದ ಹೊರಬಿದ್ದಿತು. 2013ರಲ್ಲಿ ಜೆ.ಎಸ್.ಡಬ್ಲ್ಯು. ಸಂಸ್ಥೆ ಸ್ಥಾಪಿಸಿದ ಬೆಂಗಳೂರು ಎಫ್.ಸಿ. ಬೇರೆ ಬಗೆಯದು. ಇಲ್ಲಿ ಆಟಗಾರನಿಗಿರುವುದು ನೌಕರಿಯಲ್ಲ, ಕರಾರು. ಆ ಕ್ಲಬ್ಬು ಮೊದಲ ವರ್ಷದಲ್ಲಿಯೇ ಐ-ಲೀಗ್ ಗೆದ್ದಿತು. 2016ರಲ್ಲಿ ಏಷ್ಯಾದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ತಲುಪಿತು; 2018-19ರಲ್ಲಿ ಇಂಡಿಯನ್ ಸೂಪರ್ ಲೀಗಿನ ಚಾಂಪಿಯನ್ ಆಯಿತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯ ಆವರಣದಲ್ಲಿ ಅದರ ವಸತಿ ಅಕಾಡೆಮಿ ನೆಲೆ ಕಂಡಿತು. ಕ್ಲಬ್ಬಿನ ಕಿರಿಯರ ತಂಡ 2022 ಮತ್ತು 2023ರಲ್ಲಿ ಸತತವಾಗಿ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗನ್ನು ಗೆದ್ದಿತು. ಮಣಿಪುರದ ರೋಷನ್ ಸಿಂಗ್, ತಮಿಳುನಾಡಿನ ಶಿವಶಕ್ತಿ ನಾರಾಯಣನ್ ಇಬ್ಬರೂ ಕ್ಲಬ್ಬಿನ ಕಿರಿಯರ ಸಾಲಿನಿಂದ ಹಿರಿಯರ ತಂಡಕ್ಕೆ ಏರಿ, ಒಬ್ಬರ ಬಳಿಕ ಒಬ್ಬರಂತೆ ಸೂಪರ್ ಲೀಗಿನ ಉದಯೋನ್ಮುಖ ಆಟಗಾರ ಪ್ರಶಸ್ತಿಯನ್ನು ಪಡೆದರು.

ಇಂತಹ ಯಶಸ್ಸಿದ್ದಾಗ ತೊಡಕೇನೆಂದು ಯಾರಾದರೂ ಕೇಳಬಹುದು. ತೊಡಕು ಆಯ್ಕೆಯಲ್ಲಿಯೇ ಆರಂಭವಾಗುತ್ತದೆ. ಅಡಿಕೆ ಸಸಿ ಮಾಡುವವನು ಹಲವು ವರ್ಷ ಫಲ ಕೊಟ್ಟ ತಾಯಿಮರವನ್ನು ನೋಡಿ ಬಿತ್ತನೆಯ ಹಣ್ಣಡಿಕೆಯನ್ನು ಆರಿಸುತ್ತಾನೆ. ಬಾಲಕರನ್ನು ಆರಿಸುವ ತರಬೇತುದಾರನಿಗೆ ಆ ಅನುಕೂಲವಿಲ್ಲ. ಹದಿಮೂರರ ಗುಂಪಿನಲ್ಲಿ ಬೇಗ ಮೈ ಬೆಳೆದ ಹುಡುಗ ಎತ್ತರವಾಗಿ, ಬಲವಾಗಿ ಕಾಣುತ್ತಾನೆ. ನಿಧಾನವಾಗಿ ಬೆಳೆಯುವವನು ಚುರುಕಾಗಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಒಂದೇ ವಯೋವರ್ಗದಲ್ಲಿ ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರಿನಲ್ಲಿ ಹುಟ್ಟಿದವನಿಗೂ ಹೆಚ್ಚು ಕಡಿಮೆ ಒಂದು ವರ್ಷದ ಅಂತರವಿರುತ್ತದೆ. ಎಳೆಯ ವಯಸ್ಸಿನಲ್ಲಿ ಅದು ದೊಡ್ಡ ಅಂತರವೇ ಸರಿ. ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿನ ಪ್ರಸಿದ್ಧ ಬಾಲಕರ ವಸತಿಗೆ ‘ಲಾ ಮಾಸಿಯಾ’ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ತೋಟದ ಮನೆ. 2000ದಲ್ಲಿ ಅರ್ಜೆಂಟೀನಾದಿಂದ ಹದಿಮೂರರ ಬಾಲಕನೊಬ್ಬ ಆ ಕ್ಲಬ್ಬಿಗೆ ಬಂದ. ಬೆಳವಣಿಗೆಯ ಹಾರ್ಮೋನಿನ ಕೊರತೆಯಿಂದ ಅವನ ಮೈ ಕುಳ್ಳಾಗಿತ್ತು. ಕ್ಲಬ್ಬು ಚಿಕಿತ್ಸೆಯ ವೆಚ್ಚವನ್ನು ಭರಿಸಿ ಅವನನ್ನು ಉಳಿಸಿಕೊಂಡಿತು. ಆ ಬಾಲಕನೇ ಲಯೊನೆಲ್ ಮೆಸ್ಸಿ. ಮೈಯನ್ನಷ್ಟೇ ಅಳೆಯುವ ಕಣ್ಣು ಇಂತಹವರನ್ನು ಕಳೆದುಕೊಳ್ಳುತ್ತದೆ.

ಎರಡನೆಯದು ವಯಸ್ಸಿನ ಸತ್ಯ. ಹಿಂದೆ ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲವೆಂದರೆ ಮೇಷ್ಟ್ರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಅದರಲ್ಲಿ ಮೋಸವಿರಲಿಲ್ಲ. ಈಗ ಕೆಲವರು ಹದಿನಾರರ ಹುಡುಗನನ್ನು ಹದಿಮೂರರವನೆಂದು ತೋರಿಸಿ ಆಡಿಸುವುದು ಬೇರೆ ಮಾತು. ಮಣಿಕಟ್ಟಿನ ಎಕ್ಸ್-ರೇ ತೆಗೆದು ಎಲುಬಿನ ಬೆಳವಣಿಗೆಯಿಂದ ವಯಸ್ಸನ್ನು ಅಂದಾಜು ಮಾಡುವ ಪರೀಕ್ಷೆಯನ್ನು ಕ್ರೀಡಾಸಂಸ್ಥೆಗಳು ತಂದುದು ಇದರಿಂದಲೇ. ಸುಳ್ಳು ವಯಸ್ಸಿನವನು ಗೆದ್ದ ದಿನ ನಿಜವಾಗಿ ಹದಿಮೂರಾದ ಇನ್ನೊಬ್ಬ ಬಾಲಕನ ಸ್ಥಾನ ಹೋಗುತ್ತದೆ. ವಂಚಿಸಿದವನೂ ಹದಿನೆಂಟರ ಹೊತ್ತಿಗೆ ಸಮಬಲರನ್ನು ಎದುರಿಸಲಾರದೆ ಕುಸಿಯುತ್ತಾನೆ. ಹೆತ್ತವರೇ ಕೈಹಿಡಿದು ಸುಳ್ಳು ಬರೆಸಿದರೆ ಆ ಮಗುವಿಗೆ ಕಲಿಸಿದ ಮೊದಲ ಪಾಠ ಯಾವುದೆಂದು ಅವರೇ ಯೋಚಿಸಲಿ.

ಮೂರನೆಯದು ಓದು ಮತ್ತು ಮನಸ್ಸು. ಆಗುಂಬೆಯ ಜಡಿಮಳೆಯಲ್ಲಿಯೋ ಹುಲಿಕಲ್ಲಿನ ಮಂಜಿನಲ್ಲಿಯೋ ಬೆಳೆದ ಹುಡುಗ ಬಳ್ಳಾರಿಯ ಬಿಸಿಲಿಗೆ ಹೋದರೆ ನೀರು ಬೇರೆ, ಊಟ ಬೇರೆ, ಮಾತಿನ ಧಾಟಿಯೂ ಬೇರೆ. ಜೊತೆಯ ಹುಡುಗರಲ್ಲಿ ಮಣಿಪುರ, ಮಿಜೋರಾಂಗಳಿಂದ ಬಂದವರೂ ಇದ್ದಾರು. ಕನ್ನಡವೇ ಕಿವಿಗೆ ಬೀಳದಿರಬಹುದು. ಬೆಳಗಿನ ಅಭ್ಯಾಸ, ಸಂಜೆಯ ಅಭ್ಯಾಸ, ನಡುವೆ ದಣಿದ ಮೈಯಲ್ಲಿ ಪಾಠ. ಪಂದ್ಯಾವಳಿಗೆ ಹೋದರೆ ವಾರಗಟ್ಟಲೆ ತರಗತಿ ತಪ್ಪುತ್ತದೆ. ಬೆಳೆಯುವ ಎಲುಬಿಗೆ ಅತಿಯಾದ ಶ್ರಮ ಬಿದ್ದರೆ ನೋವು ಕಾಣಿಸಿಕೊಳ್ಳುತ್ತದೆ. ನೋವೆಂದು ಹೇಳಿದರೆ ತಂಡದಿಂದ ಕೈಬಿಟ್ಟಾರೆಂಬ ಭಯದಿಂದ ಹುಡುಗ ಅದನ್ನು ಬಚ್ಚಿಡುತ್ತಾನೆ. ಮನೆಯ ನೆನಪಿನ ನೋವನ್ನು ಬಚ್ಚಿಡುವುದಂತೂ ಇನ್ನೂ ಹೆಚ್ಚು. ಇದನ್ನು ಗುರುತಿಸುವ ಹಿರಿಯ ಜೀವವೊಂದು ಅಕಾಡೆಮಿಯಲ್ಲಿ ಇಲ್ಲದಿದ್ದರೆ ಹುಲ್ಲುಹಾಸಿನ ಮೈದಾನ, ಯಂತ್ರಗಳು, ವೈದ್ಯರು ಎಲ್ಲವೂ ಇದ್ದೂ ಇಲ್ಲದಂತೆ.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದುದು. ಅದೆಂದರೆ ಕಲಿತ ಮೇಲೆ ಎಲ್ಲಿಗೆ ಎಂಬ ಪ್ರಶ್ನೆ. ಲೆಕ್ಕ ಹಾಕಿ ನೋಡೋಣ. ಕಣಕ್ಕಿಳಿಯುವವರು ಹನ್ನೊಂದು ಮಂದಿ. 2021-22ರಿಂದ ಸೂಪರ್ ಲೀಗಿನಲ್ಲಿ ಒಮ್ಮೆಗೆ ನಾಲ್ವರು ವಿದೇಶೀಯರು ಆಡಬಹುದೆಂಬ ನಿಯಮ ಬಂದಿತು. ಉಳಿಯುವುದು ಏಳು ಸ್ಥಾನ. ಆ ಏಳಕ್ಕೆ ದೇಶದ ಎಲ್ಲ ಮೂಲೆಗಳಿಂದ ಅನುಭವಿಗಳು ಬರುತ್ತಾರೆ. ಅಕಾಡೆಮಿಯ ಮೂರು ವಯೋವರ್ಗಗಳಲ್ಲಿ ತಲಾ ಇಪ್ಪತ್ತೈದು ಹುಡುಗರೆಂದು ಇಟ್ಟುಕೊಂಡರೂ ಎಪ್ಪತ್ತೈದಾಯಿತು. ವರ್ಷಕ್ಕೆ ಇಬ್ಬರು ಮೂವರು ಹಿರಿಯರ ತಂಡಕ್ಕೆ ಏರಿದರೆ ಅದೇ ದೊಡ್ಡ ಯಶಸ್ಸು. ಮೇಲಾಗಿ ಆಟಗಾರ ಬಲಿಯುವುದು ಪಂದ್ಯಗಳಲ್ಲಿ. ಅಭ್ಯಾಸವೊಂದೇ ಸಾಲದು. ಕಿರಿಯರ ಲೀಗುಗಳು ಕೆಲವೇ ತಿಂಗಳಲ್ಲಿ ಮುಗಿದರೆ ವರ್ಷದ ಉಳಿದ ಕಾಲ ಅವರು ತಮ್ಮತಮ್ಮಲ್ಲೇ ಆಡಿಕೊಳ್ಳಬೇಕಾಗುತ್ತದೆ.

ಹಿರಿಯರ ಲೀಗೇ ಅಲುಗಾಡಿದರೆ ಏನಾದೀತೆಂಬುದನ್ನು 2025 ತೋರಿಸಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ ಲೀಗು ನಡೆಸುವ ಸಂಸ್ಥೆಗೂ ನಡುವಿನ ಒಪ್ಪಂದ ಆ ವರ್ಷದ ಡಿಸೆಂಬರಿಗೆ ಮುಗಿಯುವುದಿತ್ತು. ಹೊಸ ಒಪ್ಪಂದವಾಗದೆ ಜುಲೈಯಲ್ಲಿ ಲೀಗಿಗೆ ತಡೆ ಬಿದ್ದಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಹಿರಿಯರ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯಿತು. ಕಿರಿಯರ ತಂಡಗಳಿಗೂ ಮಕ್ಕಳ ಫುಟ್‌ಬಾಲ್ ಶಾಲೆಗಳಿಗೂ ಇದರಿಂದ ಬಾಧೆಯಿಲ್ಲವೆಂದು ಕ್ಲಬ್ಬು ಆಗಲೇ ಹೇಳಿದುದು ಮೆಚ್ಚತಕ್ಕ ಮಾತು. ಲೀಗು 2026ರ ಫೆಬ್ರವರಿ 14ರಿಂದ ನಡೆಯುವುದೆಂದು ಜನವರಿಯಲ್ಲಿ ಪ್ರಕಟವಾಯಿತು. ಅಷ್ಟರವರೆಗೆ ಅಕಾಡೆಮಿಯ ಹುಡುಗ ಏನೆಂದುಕೊಂಡಿರಬೇಕು? ತಾನು ಹತ್ತುತ್ತಿರುವ ಏಣಿಗೆ ಮೇಲೆ ಅಟ್ಟವಿದೆಯೋ ಇಲ್ಲವೋ ಎಂಬ ಸಂದೇಹ ಎಳೆಯ ಮನಸ್ಸನ್ನು ಕಾಡಿದ್ದರೆ ಆಶ್ಚರ್ಯವಿಲ್ಲ.

ಕಲಿಕೆಗೂ ಬದುಕಿಗೂ ಸೇತುವೆ ಕಟ್ಟುವುದು ಹೇಗೆಂಬುದಕ್ಕೆ ನಮ್ಮ ಸಾಗರ ತಾಲ್ಲೂಕಿನಲ್ಲಿಯೇ ನಿದರ್ಶನವೊಂದಿದೆ. ಕ್ಷೇತ್ರ ಬೇರೆ, ತತ್ತ್ವ ಒಂದೇ. ಹೆಗ್ಗೋಡಿನ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ಆರಂಭಿಸಿತು. ಕಲಿತವರು ಮುಂದೇನು ಮಾಡಬೇಕೆಂಬ ಪ್ರಶ್ನೆ ಎದುರಾಯಿತು. 1985ರಲ್ಲಿ ಹುಟ್ಟಿದ ‘ತಿರುಗಾಟ’ ಅದಕ್ಕೊಂದು ಉತ್ತರವಾಯಿತು. ಊರೂರು ಸುತ್ತಿ ನಾಟಕವಾಡುವ ಆ ತಂಡದಲ್ಲಿ ಕಲಿತವರಿಗೆ ಕೆಲಸವೂ ದೊರೆಯಿತು, ಅಭ್ಯಾಸವೂ ಮುಂದುವರಿಯಿತು, ನಾಡಿಗೂ ನಾಟಕ ಸಿಕ್ಕಿತು. ಅಡಕೆ ತೋಟಗಳ ನಡುವಿನ ಒಂದು ಹಳ್ಳಿ ಮಾಡಿದ ಈ ಕೆಲಸದಿಂದ ಕ್ರೀಡಾ ಅಕಾಡೆಮಿಗಳು ಕಲಿಯಬೇಕಾದುದಿದೆ. ಹದಿನೆಂಟು ದಾಟಿಯೂ ಹಿರಿಯರ ತಂಡಕ್ಕೆ ಏರದ ಹುಡುಗನಿಗೆ ಸಣ್ಣ ಕ್ಲಬ್ಬುಗಳಲ್ಲಿ ಆಡುವ ದಾರಿ ಬೇಕು. ತರಬೇತುದಾರನಾಗಲು, ರೆಫ್ರಿಯಾಗಲು, ದೈಹಿಕ ಶಿಕ್ಷಣದ ಪದವಿ ಪಡೆಯಲು ನೆರವು ಬೇಕು. ಆಯ್ಕೆಯಾಗಲಿಲ್ಲವೆಂಬ ಒಂದು ಕಾಗದ ಕೊಟ್ಟು ಬಸ್ಸು ಹತ್ತಿಸಿದರೆ ಅದು ಶಾಲೆಯಲ್ಲ. ಹಸನಾದುದನ್ನು ಆರಿಸಿಕೊಂಡು ಉಳಿದುದನ್ನು ತೂರಿಬಿಡುವ ಕಣ.

ಆದುದರಿಂದ ಮಗನನ್ನೋ ಮಗಳನ್ನೋ ಕಳುಹಿಸುವ ಮೊದಲು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ. ಮಗಳನ್ನು ಎಂದುದು ಸುಮ್ಮನಲ್ಲ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ಬಿನ ಮಹಿಳಾ ತಂಡ 2023ರಲ್ಲಿ ರಾಷ್ಟ್ರೀಯ ಮಹಿಳಾ ಲೀಗಿನ ಅಂತಿಮ ಪಂದ್ಯದವರೆಗೆ ಹೋಗಿತ್ತು. ಮಗು ಯಾವ ಶಾಲೆಯಲ್ಲಿ ಓದುತ್ತದೆ, ಹತ್ತನೆಯ ತರಗತಿಯ ಪರೀಕ್ಷೆಯ ವೇಳೆ ಅಭ್ಯಾಸಕ್ಕೆ ಬಿಡುವಿದೆಯೇ? ಗಾಯವಾದರೆ ಚಿಕಿತ್ಸೆಯ ಹೊಣೆ ಯಾರದು? ರಾತ್ರಿ ಮಕ್ಕಳೊಡನೆ ಇರುವ ಹಿರಿಯರು ಯಾರು? ಹಣ ಕೇಳುತ್ತಾರೆಯೇ, ಕೇಳಿದರೆ ಯಾವುದಕ್ಕೆ? ಕಳೆದ ವರ್ಷ ಕೈಬಿಟ್ಟ ಹುಡುಗರು ಈಗ ಎಲ್ಲಿದ್ದಾರೆ? ಈ ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವ ಸಂಸ್ಥೆಯನ್ನು ನಂಬಬಹುದು. ಪ್ರಸಿದ್ಧ ಕ್ಲಬ್ಬಿನ ಹೆಸರನ್ನು ಹಲಗೆಯ ಮೇಲೆ ಬರೆಸಿ ಶುಲ್ಕ ವಸೂಲಿ ಮಾಡುವವರೂ ಇರಬಹುದು; ಕ್ಲಬ್ಬಿನಿಂದಲೇ ನೇರವಾಗಿ ವಿಚಾರಿಸುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿರಿ.

ಊರಿನಲ್ಲಿ ಮಾಡಬಹುದಾದುದೂ ಇದೆ. ನಮ್ಮಲ್ಲಿ ಮನೆಗಳು ದೂರ ದೂರ. ಒಂದು ಕೇರಿಯಲ್ಲಿ ಇಪ್ಪತ್ತೆರಡು ಹುಡುಗರನ್ನು ಕೂಡಿಸುವುದು ಕಷ್ಟ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಅಂಗಳಕ್ಕೂ ಇಳಿಯಗೊಡುವುದಿಲ್ಲ. ಆದರೆ ಕೇರಳದ ಮಲಬಾರಿನಲ್ಲಿ ಕೊಯ್ಲಾದ ಗದ್ದೆಗಳಲ್ಲಿ ಏಳೇಳು ಮಂದಿಯ ಕಾಲ್ಚೆಂಡಾಟ ಬೇಸಗೆಯುದ್ದಕ್ಕೂ ನಡೆಯುತ್ತದೆ; ಅದಕ್ಕೆ ‘ಸೆವೆನ್ಸ್’ ಎನ್ನುತ್ತಾರೆ. ನಮ್ಮ ಗದ್ದೆಬಯಲುಗಳೂ ಕೊಯ್ಲಿನ ಮೇಲೆ ತಿಂಗಳುಗಟ್ಟಲೆ ಬರಿದಾಗಿಯೇ ಇರುತ್ತವಲ್ಲವೇ? ಪ್ರತಿ ತಾಲ್ಲೂಕಿನಲ್ಲಿ ಒಬ್ಬಿಬ್ಬರು ದೈಹಿಕ ಶಿಕ್ಷಕರು ಫೆಡರೇಷನ್ನಿನ ‘ಡಿ’ ಲೈಸೆನ್ಸ್ ತರಬೇತಿ ಪಡೆದು, ಭಾನುವಾರಗಳಲ್ಲಿ ಮಕ್ಕಳಿಗೆ ಕಲಿಸಿದರೆ ಹದಿಮೂರರವರೆಗೆ ಮಗು ಮನೆಯಲ್ಲಿಯೇ ಇದ್ದು ಕಲಿಯಬಹುದು. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆ ತೆರೆದ ಬಳಿಕ ತುಮರಿಯ ಕಡೆಯ ಮಕ್ಕಳಿಗೆ ಸಾಗರವೂ ಹತ್ತಿರವಾಗಿದೆ. ಅವರು ಲಾಂಚಿಗಾಗಿ ಕಾದು ನಿಲ್ಲಬೇಕಾಗಿಲ್ಲ. ಊರಿನಲ್ಲಿ ಬುನಾದಿ ಬಿದ್ದ ಮಗು ಆಮೇಲೆ ದೂರ ಹೋದರೆ ಆಟದ ಪರಿಚಯದೊಡನೆ, ತನ್ನ ಬಲಾಬಲದ ಅರಿವಿನೊಡನೆ ಹೋಗುತ್ತದೆ.

ಅಡಿಕೆ ಸಸಿ ನೆಟ್ಟವನು ಮೊದಲ ವರ್ಷದಲ್ಲಿಯೇ ಗೊನೆ ನೋಡುವುದಿಲ್ಲ. ಬಾಳೆಯ ನೆರಳು ಕೊಟ್ಟು, ಬಿಸಿಲು ತಾಗದಂತೆ ಕಾಪಾಡಿ, ವರ್ಷಗಟ್ಟಲೆ ಕಾಯುತ್ತಾನೆ. ಅಕಾಡೆಮಿಯೂ ಹೆತ್ತವರೂ ಅಷ್ಟು ತಾಳ್ಮೆಯನ್ನು ಮಕ್ಕಳ ವಿಷಯದಲ್ಲಿ ತೋರಬೇಕು. ಗೆದ್ದು ಬಂದ ಮಗನನ್ನು ಊರೇ ಮೆರವಣಿಗೆ ಮಾಡುತ್ತದೆ. ಅವನಿಗೆ ನಮ್ಮ ಅಗತ್ಯವಿಲ್ಲ. ಆಯ್ಕೆಯಾಗದೆ, ಚೀಲ ಹೆಗಲಿಗೇರಿಸಿ, ತಾಳಗುಪ್ಪದ ರೈಲಿನಿಂದ ತಲೆ ತಗ್ಗಿಸಿ ಇಳಿಯುವ ಮಗನೂ ಒಬ್ಬನಿರುತ್ತಾನೆ. ಆ ದಿನ ಅವನನ್ನು ಯಾಕೆ ಬಂದೆಯೆಂದು ಕೇಳದೆ, ಕೈಕಾಲು ತೊಳೆಯಲು ನೀರು ಕೊಟ್ಟು ಎಲೆ ಹಾಕುವ ಮನೆ ನಮ್ಮದಾಗಿರಲಿ. ಆಟ ಕಲಿಯಲು ಹೋದ ಎಲ್ಲ ಮಕ್ಕಳಿಗೂ ಒಳಿತಾಗಲಿ.